ಊಟದ ಪಟ್ಟಿ ಮತ್ತು ಒಂದು ಸಾಲು ಸೊಪ್ಪು

ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಗುಲಾಬಿ ಬಣ್ಣದ ಹಾಳೆ ಅಂಟಿಕೊಂಡಿದೆ. ಅದರ ತಲೆಭಾಗದಲ್ಲಿ ಬೆಳ್ಳಗೆ ಏನೋ ಮೆತ್ತಿದೆ. ಮನೆಗೆ ಬಂದವರು ನೀರು ಕುಡಿಯುತ್ತಾ ಅದನ್ನು ನೋಡುತ್ತಾರೆ, ಲೋಟ ಕೆಳಗಿಟ್ಟು ಇನ್ನೊಮ್ಮೆ ನೋಡುತ್ತಾರೆ. ಸಲಿಗೆಯಿದ್ದವರು ಹಲ್ಲಿ ಗಲೀಜು ಮಾಡಿದೆ, ಒರೆಸಬಾರದಾ ಎಂದು ಕೇಳಿಯೂ ಬಿಡುತ್ತಾರೆ. ಅದು ಹಲ್ಲಿಯ ಕೆಲಸವಲ್ಲ, ನಮ್ಮವ್ವನ ಕೆಲಸ ಎಂದರೆ ಯಾರು ನಂಬುತ್ತಾರೆ? ಕುಳಿತುಕೊಳ್ಳಿ ಎಂದು ಹೇಳಿ ಕಥೆ ಶುರು ಮಾಡಬೇಕಾಗುತ್ತದೆ. ನೀವೂ ಕುಳಿತುಕೊಳ್ಳಿ.

ಆ ಹಾಳೆ ನಮ್ಮ ಮನೆಯ ಊಟದ ಪಟ್ಟಿ. ದಿನಸಿ ಖರ್ಚು ಇಳಿಸಲೆಂದು ನಾನೇ ಮಾಡಿದ್ದು. ಎಷ್ಟು ಇಳಿಯಿತು ಎಂಬುದನ್ನು ನಮ್ಮ ಯಜಮಾನರು ಹೇಳಬೇಕು, ಅವರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನಾನು ಹೇಳಬಹುದಾದದ್ದು ಇಷ್ಟೇ. ಉಳಿಸುವ ಭರದಲ್ಲಿ ಈ ಪಟ್ಟಿ ನಮ್ಮವ್ವನನ್ನು ಸುಮಾರು ಎರಡು ವಾರ ಅರೆಹೊಟ್ಟೆಯಲ್ಲಿ ಇಟ್ಟಿತ್ತು, ಅದೇ ಮನೆಯಲ್ಲಿ ಅದೇ ಒಲೆಯ ಮುಂದೆ ನಿಂತಿದ್ದ ನನಗೆ ಅದು ಗೊತ್ತೇ ಆಗಿರಲಿಲ್ಲ. ನಗುತ್ತಾ ಹೇಳುತ್ತೇನೆ ನಿಜ, ಆದರೆ ಹೇಳುವಾಗಲೆಲ್ಲ ಒಂದು ಕಡೆ ಚುರುಕ್ಕೆನ್ನುತ್ತದೆ.

ಶುರುವಾದದ್ದು ಮಿಕ್ಸಿಯಿಂದ. ಹದಿನೈದು ವರ್ಷ ದುಡಿದ ನಮ್ಮ ಮಿಕ್ಸಿ, ಬಸ್ಸಾರಿಗೆ ಖಾರ ರುಬ್ಬಲು ಹಾಕಿದರೆ ಬೀದಿ ನಾಯಿಗಳೆಲ್ಲ ಎದ್ದು ಬೊಗಳುವಷ್ಟು ಸದ್ದು ಮಾಡತೊಡಗಿತ್ತು. ನನಗೊಂದು ಗ್ರೈಂಡರ್ ಬೇಕು ಎಂದೆ. ಮೇಷ್ಟ್ರು ಇಲ್ಲ ಎನ್ನಲಿಲ್ಲ. ಇಲ್ಲ ಎನ್ನುವುದು ಅವರ ಪದ್ಧತಿಯಲ್ಲ, ಅವರು ಲೆಕ್ಕ ಕೊಡುತ್ತಾರೆ. ಮೂರು ತಿಂಗಳು ದಿನಸಿಯಲ್ಲಿ ಉಳಿಸಿ ತೋರಿಸು, ಉಳಿದದ್ದಕ್ಕೆ ಅಷ್ಟನ್ನೇ ನಾನು ಸೇರಿಸುತ್ತೇನೆ ಎಂದರು. ಪಿಯುಸಿ ಓದುವ ಮಗಳು ಮೇಘನಾ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದಳು. ಭಾನುವಾರ ಒಂದು ಗಂಟೆ ಕೂತು ಇಡೀ ವಾರದ ಅಡುಗೆ ಬರೆದಿಟ್ಟುಕೊಂಡರೆ ತರಕಾರಿ ಕೊಳೆಯುವುದಿಲ್ಲ, ಅಂಗಡಿಗೆ ಹೋದಾಗ ಕೈ ಬಿಗಿಯಾಗಿರುತ್ತದೆ ಎಂದು ಒಬ್ಬ ಹೆಂಗಸು ಅದರಲ್ಲಿ ವಿವರಿಸುತ್ತಿದ್ದಳು. ಅವಳ ಅಡುಗೆಮನೆಯ ಡಬ್ಬಗಳೆಲ್ಲ ಒಂದೇ ಎತ್ತರ. ನಮ್ಮ ಅಡುಗೆಮನೆಯಲ್ಲಿ ಒಂದೇ ಎತ್ತರದ ಎರಡು ಡಬ್ಬ ಹುಡುಕಬೇಕಾದರೆ ಪಕ್ಕದ ಮನೆಗೂ ಹೋಗಬೇಕು. ಆದರೂ ನನಗೆ ಹುರುಪು ಬಂತು.

ಚನ್ನಪಟ್ಟಣದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿಯಿದೆ. ಟೈಪಿಂಗ್, ಸ್ಕ್ಯಾನಿಂಗ್, ಲ್ಯಾಮಿನೇಷನ್ನು ಎಲ್ಲ ಮಾಡಿಕೊಡುತ್ತೇನೆ. ಲ್ಯಾಮಿನೇಷನ್ ಯಂತ್ರ ಇರುವವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ, ಕೈಗೆ ಸಿಕ್ಕಿದ ಕಾಗದವನ್ನೆಲ್ಲ ಪ್ಲಾಸ್ಟಿಕ್ಕಿನೊಳಗೆ ತೂರಿಸಿ ಬಿಸಿ ಮುಟ್ಟಿಸುವುದು. ಮೇಘನಾಳ ಒಂದನೇ ತರಗತಿಯ ಚಿತ್ರದಿಂದ ಹಿಡಿದು ಕುಕ್ಕರಿನ ಗ್ಯಾರಂಟಿ ಚೀಟಿಯವರೆಗೆ ನಮ್ಮ ಮನೆಯಲ್ಲಿ ಎಲ್ಲಕ್ಕೂ ಆ ಸಂಸ್ಕಾರವಾಗಿದೆ. ಊಟದ ಪಟ್ಟಿಗೂ ಆಯಿತು. ಯಾರದೋ ಗೃಹಪ್ರವೇಶದ ಕರೆಯೋಲೆಗೆ ತಂದು ಮಿಕ್ಕಿದ್ದ ಗುಲಾಬಿ ಹಾಳೆಯಲ್ಲಿ ಚೌಕ ಹಾಕಿ ಏಳು ದಿನ ಬರೆದೆ. ಅಳತೆಯೆಲ್ಲ ನಿಂತಿರುವುದು ತಲೆಯೆಣಿಕೆಯ ಮೇಲೆ, ಅದನ್ನು ಮೇಲೆ ದೊಡ್ಡದಾಗಿ ಹಾಕು ಎಂದು ಮೇಷ್ಟ್ರು ಹೇಳಿದ್ದರಿಂದ ಹಾಳೆಯ ನೆತ್ತಿಯಲ್ಲಿ ಹೆಬ್ಬೆರಳಿನ ಗಾತ್ರದಲ್ಲಿ ‘3 ಜನಕ್ಕೆ’ ಎಂದು ಅಚ್ಚು ಮಾಡಿದೆ. ನಾನು, ಅವರು, ಮೇಘನಾ. ಆಮೇಲೆ ಪ್ಲಾಸ್ಟಿಕ್ಕಿನೊಳಗೆ ಕಳಿಸಿ ಶಾಶ್ವತ ಮಾಡಿದೆ.

ಪಟ್ಟಿಯೇನೂ ಕೆಟ್ಟದಾಗಿರಲಿಲ್ಲ ಎಂದು ಈಗಲೂ ಹೇಳುತ್ತೇನೆ. ಸೋಮವಾರ ಹೆಸರುಕಾಳು, ದಂಟಿನ ಸೊಪ್ಪು ಬೇಯಿಸಿ ಬಸಿದ ಕಟ್ಟಿನಲ್ಲಿ ಬಸ್ಸಾರು, ಬಸಿದ ಕಾಳು ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ. ಮಂಗಳವಾರ ಅದೇ ಬಸ್ಸಾರು, ಯಾಕೆಂದರೆ ಎರಡನೇ ದಿನದ ಬಸ್ಸಾರಿನ ಮುಂದೆ ಮೊದಲ ದಿನದ್ದು ಬರೀ ನೀರು. ಅವರೆಕಾಯಿ ಅಗ್ಗವಾದ ವಾರ ಕಾಳಿನ ಸಿಪ್ಪೆ ಹಿಸುಕಿ ತೆಗೆದ ಹಿದಕವರೆ ಸಾರು, ಟೊಮೆಟೊ ಮೇಲೇರಿದ ವಾರ ಹುಣಸೆಹಣ್ಣು. ಭಾನುವಾರ ಕೋಳಿ ಸಾರು. ಒಂದೇ ಒಂದು ವಿಷಯದಲ್ಲಿ ನನಗೂ ಮೇಷ್ಟ್ರಿಗೂ ಜಗ್ಗಾಟವಾಯಿತು. ಮೊದಲೆಲ್ಲ ನಮ್ಮ ಮನೆಯಲ್ಲಿ ತಿನ್ನುವವರು ಮೂವರಾದರೆ ಮುದ್ದೆ ನಾಲ್ಕು. ನಾಲ್ಕನೆಯದು ಯಾರದು ಎಂದು ಯಾರೂ ಕೇಳಿದ್ದಿಲ್ಲ. ಯಾರಾದರೂ ಬಂದರೆ ಅವರಿಗೆ, ಬರದಿದ್ದರೆ ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ ನಾನೇ ಕುಡಿಯುತ್ತಿದ್ದೆ. ಮೇಷ್ಟ್ರು ಆ ಬಡಪಾಯಿ ಮುದ್ದೆಗೆ ‘ಶೇಷ’ ಎಂದು ಹೆಸರಿಟ್ಟರು. ಭಾಗಾಕಾರದಲ್ಲಿ ಶೇಷ ಸೊನ್ನೆ ಬಂದರೆ ಅವರಿಗೆ ಹಬ್ಬ. ಹಾಗಾಗಿ ನಾಲ್ಕನೇ ಮುದ್ದೆ ಪಟ್ಟಿಯಿಂದ ಹೊರಬಿತ್ತು.

ಊಟವನ್ನು ಮೊದಲೇ ಗೊತ್ತುಮಾಡುವುದು ಹೊಸ ವಿದ್ಯೆ ಎಂದು ಆ ವಿಡಿಯೊದ ಹೆಂಗಸು ತಿಳಿದಿರಬಹುದು. ಅಕ್ಕೂರಿನಲ್ಲಿ ಹುಟ್ಟಿದ ನನಗೆ ಅದು ಅಂಬೆಗಾಲಿನಿಂದಲೂ ಗೊತ್ತು. ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಅಲ್ಲಿ ಏನು ಅಡುಗೆ ಎಂಬುದನ್ನು ಅವ್ವ ತೀರ್ಮಾನ ಮಾಡುತ್ತಿರಲಿಲ್ಲ, ಅಪ್ಪನೂ ಮಾಡುತ್ತಿರಲಿಲ್ಲ, ಹುಳ ಮಾಡುತ್ತಿದ್ದವು. ಹುಳಕ್ಕೆ ಒಗ್ಗರಣೆಯ ಘಾಟು ಆಗುವುದಿಲ್ಲ ಎಂಬುದು ಅವ್ವನ ಗಟ್ಟಿ ನಂಬಿಕೆ. ಹುಳ ಮೇಯುವಷ್ಟು ದಿನ ಮನೆಯೊಳಗೆ ಸಾಸಿವೆ ಸಿಡಿಯುವಂತಿಲ್ಲ, ಮೆಣಸಿನಕಾಯಿ ಹುರಿಯುವಂತಿಲ್ಲ. ಆಗೆಲ್ಲ ಉಪ್ಸಾರು. ಕಾಳು ಬೇಯಿಸಿದ ಕಟ್ಟಿಗೆ ಉಪ್ಪು, ಪಕ್ಕಕ್ಕೆ ಒಂದಿಷ್ಟು ರುಬ್ಬಿದ ಖಾರ, ಮುದ್ದೆ. ಹುಳ ಇಟ್ಟ ಬಿದಿರಿನ ತಟ್ಟೆಗೂ ನಾವು ಉಣ್ಣುವ ತಟ್ಟೆಗೂ ನಮ್ಮಲ್ಲಿ ಒಂದೇ ಹೆಸರು. ಹುಳಕ್ಕೆ ಹಾಕುವ ಹಿಪ್ಪುನೇರಳೆಯೂ ಸೊಪ್ಪೇ, ನಮ್ಮ ಸಾರಿಗೆ ಹಾಕುವುದೂ ಸೊಪ್ಪೇ. ‘ತಟ್ಟೆಗೆ ಸೊಪ್ಪು ಹಾಕು’ ಎಂದು ಅವ್ವ ಕೂಗಿದರೆ ಯಾರ ತಟ್ಟೆ ಎಂದು ಕೇಳಬೇಕಾಗಿರಲಿಲ್ಲ. ಮೊದಲು ಅವುಗಳದು.

ನಮ್ಮ ಸರದಿ ಬರುತ್ತಿದ್ದದ್ದು ಜ್ವರದ ದಿನ. ಹುಳ ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು ತಲೆಯೆತ್ತಿಕೊಂಡು ಸುಮ್ಮನೆ ಕೂತು ಪೊರೆ ಕಳಚುತ್ತವೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳ ಜ್ವರಕ್ಕೆ ಕೂತರೆ ಸೊಪ್ಪು ಕೊಯ್ಯುವ ಕೆಲಸವಿಲ್ಲ, ಹಾಕುವ ಕೆಲಸವಿಲ್ಲ, ಒಂದು ಹಗಲು ಒಂದು ರಾತ್ರಿ ಮನೆಮಂದಿಗೆ ಬಿಡುವು. ಅವತ್ತು ಅವ್ವ ಹಿತ್ತಲಲ್ಲಿ ಒಲೆ ಹೂಡಿ, ವಾರದಿಂದ ತಡೆದಿಟ್ಟ ಒಗ್ಗರಣೆಯನ್ನೆಲ್ಲ ಒಟ್ಟಿಗೆ ಸಿಡಿಸುತ್ತಿದ್ದಳು. ಒತ್ತು ಶಾವಿಗೆ, ಕಾಯಿಹಾಲು, ಇಲ್ಲವೇ ಕಡಲೆಬೇಳೆ ಪಾಯಸ. ನಾನು ಮತ್ತು ನನ್ನ ತಮ್ಮ ಕುಮಾರ ಹುಳಕ್ಕೆ ಬೇಗ ಜ್ವರ ಬರಲಿ ಎಂದು ದೇವರಿಗೆ ಕೈ ಮುಗಿಯುತ್ತಿದ್ದೆವು.

ಇದರಿಂದ ಒಂದು ಸಲ ಫಜೀತಿಯಾಯಿತು. ನಮ್ಮ ಶಾಲೆಗೆ ಧಾರವಾಡದ ಕಡೆಯಿಂದ ಹೊಸದಾಗಿ ಒಬ್ಬ ಮೇಡಂ ಬಂದಿದ್ದರು. ನಾನು ಮಧ್ಯಾಹ್ನ ಮನೆಗೆ ಹೋಗಬೇಕು ಎಂದು ರಜೆ ಕೇಳಿದೆ. ಯಾಕೆ ಎಂದರು. ಮನೇಲಿ ಎಲ್ಲಕ್ಕೂ ಜ್ವರ ಮೇಡಂ ಎಂದೆ. ಪಾಪ ಆಕೆ ಮರುಗಿ ರಜೆ ಕೊಟ್ಟದ್ದಲ್ಲದೆ, ಸಂಜೆ ಒಂದು ಪೌಂಡ್ ಬ್ರೆಡ್ಡು ಹಿಡಿದುಕೊಂಡು ನೋಡಲು ಬಂದರು. ಬಂದರೆ ನಾವು ಸಾಲಾಗಿ ಕೂತು ಪಾಯಸ ಸುರಿಯುತ್ತಿದ್ದೇವೆ. ಅವ್ವ ಗಾಬರಿಯಾಗದೆ ಅವರಿಗೂ ಒಂದು ತಟ್ಟೆ ಹಾಕಿದಳು. ಆಮೇಲೆ ಆ ಮೇಡಂ ನನ್ನನ್ನು ಆಗಾಗ ಪಕ್ಕಕ್ಕೆ ಕರೆದು, ನಿಮ್ಮ ಮನೆಯಲ್ಲಿ ಮುಂದಿನ ಜ್ವರ ಯಾವಾಗ ಎಂದು ಕೇಳುತ್ತಿದ್ದರು.

ಇನ್ನೊಂದು ನೆನಪು ಅಷ್ಟು ಸಿಹಿಯಲ್ಲ, ಆದರೆ ಹೇಳದಿದ್ದರೆ ಕಥೆ ಮುಂದಕ್ಕೆ ಹೋಗದು. ಒಂದು ವರ್ಷ ಅಪ್ಪ ಆಸೆಗೆ ಬಿದ್ದು ನಮ್ಮ ತೋಟದ ಸೊಪ್ಪು ತಡೆಯುವುದಕ್ಕಿಂತ ಹೆಚ್ಚು ಹುಳದ ಮೊಟ್ಟೆ ತಂದುಬಿಟ್ಟ. ನಾಲ್ಕನೇ ಜ್ವರ ಎದ್ದ ಮೇಲೆ ಹುಳದ ಹಸಿವು ನೋಡಬೇಕು ನೀವು. ಕೊನೆಯ ಎರಡು ದಿನ ಇರುವಾಗ ತೋಟ ಬರಿದಾಯಿತು. ಅಕ್ಕಪಕ್ಕದವರ ತೋಟದಲ್ಲೂ ಸಿಗಲಿಲ್ಲ. ಇದ್ದ ಸೊಪ್ಪನ್ನೇ ಅರ್ಧರ್ಧ ಹಂಚಿದರು. ಹುಳ ಸಾಯಲಿಲ್ಲ, ಗೂಡೂ ಕಟ್ಟಿದವು, ಆದರೆ ಗೂಡು ತೆಳ್ಳಗೆ, ಬೆರಳಲ್ಲಿ ಒತ್ತಿದರೆ ತಗ್ಗುವ ಹಾಗೆ. ರಾಮನಗರದ ಮಾರುಕಟ್ಟೆಯಲ್ಲಿ ಕೊಳ್ಳುವವರು ಮುಟ್ಟಿ ನೋಡಿ ಮುಂದೆ ಹೋದರು. ಅವ್ವ ಅತ್ತಳು. ಬೆಲೆಗೆ ಅತ್ತಳೆಂದು ನಾನು ತಿಳಿದಿದ್ದೆ. ಅರೆಹೊಟ್ಟೆಯಲ್ಲೇ ಕಟ್ಟಿದವಲ್ಲ ಎಂದು ಅತ್ತದ್ದು. ಅಂದಿನಿಂದ ಅವಳದು ಎರಡು ಕಟ್ಟಳೆ. ತೋಟ ನೋಡಿ ಮೊಟ್ಟೆ ತರಬೇಕು, ಮತ್ತು ಎಷ್ಟೇ ಲೆಕ್ಕ ಕೂಡಿ ಬಂದರೂ ತೋಟದಲ್ಲಿ ಒಂದು ಸಾಲು ಸೊಪ್ಪು ಹೆಚ್ಚಿಗೆ ಬಿಟ್ಟಿರಬೇಕು. ಆ ಸಾಲನ್ನು ಕೊನೆಯ ದಿನದವರೆಗೆ ಯಾರೂ ಮುಟ್ಟುವಂತಿರಲಿಲ್ಲ.

ಹೋದ ವರ್ಷ ಅವ್ವನಿಗೆ ರಾಮನಗರದಲ್ಲಿ ಕಣ್ಣಿನ ಪೊರೆ ತೆಗೆಸಿದೆವು. ಒಂದೂವರೆ ತಿಂಗಳು ಧೂಳು, ಹೊಗೆ ಆಗದು ಎಂದರು. ಅಕ್ಕೂರಿನಲ್ಲಿ ಕುಮಾರ ಈಗಲೂ ಹುಳ ಸಾಕುತ್ತಾನೆ, ಹುಳದ ಮನೆಗೆ ಸುಣ್ಣದ ಪುಡಿ, ಬ್ಲೀಚಿಂಗ್ ಪುಡಿ ತಪ್ಪಿದ್ದಲ್ಲ. ಅದಕ್ಕೇ ಅವ್ವ ನಮ್ಮ ಮನೆಗೆ ಬಂದಳು. ಪಟ್ಟಿ ಫ್ರಿಜ್ಜಿಗೆ ಏರಿ ಆಗಲೇ ಒಂದು ತಿಂಗಳಾಗಿತ್ತು. ಮೊದಲ ವಾರ ಕರಿ ಕನ್ನಡಕ ಹಾಕಿಕೊಂಡು ಕೂತಿದ್ದಳು, ನಾನು ನಾಲ್ಕು ಮುದ್ದೆ ಕಟ್ಟುತ್ತಿದ್ದೆ, ಕೈಗಿಟ್ಟಷ್ಟನ್ನು ಚೆನ್ನಾಗಿ ಉಂಡಳು. ಹೊರೆಯೆಂದು ನಾನು ಅಂದುಕೊಳ್ಳಲೇ ಇಲ್ಲ. ಪಟ್ಟಿಯಲ್ಲಿ ಸಂಖ್ಯೆ ತಿದ್ದಬೇಕು ಎಂದೂ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ, ಹೊಳೆದಿದ್ದರೂ ತಿದ್ದಲು ಬರುತ್ತಿರಲಿಲ್ಲ, ಲ್ಯಾಮಿನೇಷನ್ನು.

ಅವ್ವ ಶಾಲೆಯ ಮುಖ ನೋಡಿದವಳಲ್ಲ, ಅಕ್ಷರ ಬಾರದು. ಆದರೆ ಗೂಡಿನ ತೂಕದ ಚೀಟಿ, ಬಸ್ಸು, ಫೋನು ಇವುಗಳಿಂದ ಅಂಕಿ ಚೆನ್ನಾಗಿ ಬರುತ್ತದೆ. ಕಣ್ಣು ತಿಳಿಯಾಗಿ, ಮನೆಯೊಳಗೆ ಕನ್ನಡಕ ತೆಗೆದು ಓಡಾಡತೊಡಗಿದಾಗ ಅವಳ ಸಂಭ್ರಮ ನೋಡಬೇಕಿತ್ತು. ಮನೆಯಲ್ಲಿರುವ ಅಂಕಿಗಳನ್ನೆಲ್ಲ ಓದುತ್ತಾ ಹೊರಟಳು. ಗಡಿಯಾರ, ಕ್ಯಾಲೆಂಡರು, ಗ್ಯಾಸ್ ಸಿಲಿಂಡರು, ಬಿಸ್ಕತ್ತಿನ ಪೊಟ್ಟಣದ ಬೆಲೆ. ಮೇಷ್ಟ್ರು ತಮ್ಮ ಶಿಷ್ಯರಿಗಿಂತ ಅತ್ತೆಯೇ ವಾಸಿ ಎಂದು ನಕ್ಕರು. ಹಾಗೆ ಓದುತ್ತಾ ಓದುತ್ತಾ ಅವಳು ಫ್ರಿಜ್ಜಿನ ಮುಂದೆಯೂ ಬಂದು ನಿಂತಿರಬೇಕು. ನಾನು ನೋಡಲಿಲ್ಲ.

ಅದಾದ ಮೇಲೆ ಒಪ್ಪತ್ತುಗಳು ಶುರುವಾದವು. ಒಪ್ಪತ್ತೆಂದರೆ ದಿನಕ್ಕೆ ಒಂದೇ ಹೊತ್ತು ಊಟ. ಸೋಮವಾರ ಮಾದಪ್ಪನ ಒಪ್ಪತ್ತು, ಅದು ಮೊದಲಿಂದ ಇದ್ದದ್ದೇ. ಆ ವಾರ ಶನಿವಾರ ತಿಮ್ಮಪ್ಪನದು ಸೇರಿತು. ಶುಕ್ರವಾರ ಕಬ್ಬಾಳಮ್ಮನದು, ಕಣ್ಣು ಬರಲಿ ಎಂದು ಹರಕೆ ಮಾಡಿಕೊಂಡಿದ್ದಳಂತೆ. ನ್ಯಾಯವೇ ಅನ್ನಿಸಿತು. ಮುಂದಿನ ವಾರ ಮಂಗಳವಾರವೂ ಸೇರಿತು. ಭಾನುವಾರಕ್ಕೆ ಮಾತ್ರ ಯಾವ ದೇವರೂ ಅವ್ವನ ಕೈಗೆ ಸಿಗಲಿಲ್ಲವೇನೋ, ಅವತ್ತು ಕೋಳಿ ಸಾರಿನಲ್ಲಿ ತುಂಡು ಹಲ್ಲಿಗೆ ಆಗಾಕಿಲ್ಲ ಕಣವ್ವ ಎಂದು ಬರೀ ರಸದಲ್ಲಿ ಅರ್ಧ ಮುದ್ದೆ ತಿಂದು ಎದ್ದಳು. ಮೂಳೆ ಕಡಿದು ಪುಡಿ ಮಾಡುವ ಹಲ್ಲು ಅವಳದು, ಅದೂ ನನಗೆ ನೆನಪಾಗಲಿಲ್ಲ.

ನಾನು ಏನು ಮಾಡುತ್ತಿದ್ದೆ ಎಂದು ಕೇಳಿ. ನಾನು ಬೀಗುತ್ತಿದ್ದೆ. ಅವ್ವನಿಗೆ ಒಪ್ಪತ್ತಾದ್ದರಿಂದ ಸಂಜೆಗೆ ಮತ್ತೆ ಮೂರೇ ಮುದ್ದೆ. ಮನೆಗೊಬ್ಬರು ಹೆಚ್ಚಿಗೆ ಬಂದರೂ ನನ್ನ ಪಟ್ಟಿ ಕದಲಲಿಲ್ಲ ನೋಡಿ ಎಂದು ಮೇಷ್ಟ್ರ ಮುಂದೆ ಹೇಳಿಕೊಂಡೆ. ಅವರು ಭಲೇ ಎಂದರು. ಗ್ರೈಂಡರಿನ ಬಣ್ಣದ ಬಗ್ಗೆಯೂ ನಾನೂ ಮೇಘನಾಳೂ ಮಾತಾಡಿಕೊಂಡೆವು.

ಆ ಬುಧವಾರ ಮಧ್ಯಾಹ್ನ ಅಂಗಡಿಯಲ್ಲಿದ್ದಾಗ ಕುಮಾರನ ಫೋನು ಬಂತು. ಕಣ್ಣಿಗೆ ಹನಿ ಹಾಕುತ್ತಿದ್ದೀಯಾ, ಅವ್ವ ಊಟ ಸರಿಯಾಗಿ ಮಾಡುತ್ತಿದ್ದಾಳಾ ಎಂದು ಕೇಳಿದ. ಇವತ್ತು ಮನೆದೇವರ ಒಪ್ಪತ್ತಂತೆ ಎಂದೆ.

‘ಬುಧವಾರ ಯಾವ ದೇವ್ರಕ್ಕ?’ ಎಂದ. ‘ನಮ್ಮವ್ವ ಸೋಮವಾರ ಬುಟ್ರೆ ಇನ್ಯಾವ ವಾರನೂ ಹಿಡಿಯಾಕಿಲ್ಲ. ದಿನಾ ಒಪ್ಪತ್ತಿದ್ಕಂಡು ಅವ್ಳು ಸೊಪ್ಪು ಕುಯ್ದಾಳಾ?’

ಜೆರಾಕ್ಸ್ ಯಂತ್ರ ಯಾರದೋ ಪಹಣಿಯನ್ನು ಒಂದರ ಮೇಲೊಂದು ಕಕ್ಕುತ್ತಿತ್ತು. ಎರಡು ಕಾಪಿ ಕೇಳಿದವರಿಗೆ ಹನ್ನೊಂದು ಆಗಿತ್ತು. ಅವರಿಗೆ ದುಡ್ಡು ಬೇಡ ಎಂದು ಹೇಳಿ, ಬಾಗಿಲೆಳೆದು ಮನೆಗೆ ನಡೆದೆ.

ಅವ್ವ ಅಡುಗೆಮನೆಯ ನೆಲದಲ್ಲಿ ಕೂತು ರಾತ್ರಿಯ ಸಾರಿಗೆ ಸೊಪ್ಪು ಬಿಡಿಸುತ್ತಿದ್ದಳು. ಮೂರು ಜನಕ್ಕಾಗುವಷ್ಟೇ ಬಿಡಿಸಿ ಮಿಕ್ಕದ್ದನ್ನು ಕಟ್ಟಿ ಪಕ್ಕಕ್ಕಿಟ್ಟಿದ್ದಳು. ಬುಧವಾರ ಯಾವ ದೇವರದು ಎಂದು ಕೇಳಿದೆ. ಯಾವುದೋ ಒಂದು ಇರ್ತದೆ, ದೇವ್ರಿಗೇನು ಬರ ಎಂದಳು, ತಲೆ ಎತ್ತಲಿಲ್ಲ. ನಾನು ಅಲ್ಲೇ ಕುಕ್ಕರಿಸಿದೆ. ಆಗ ಗದ್ದದಲ್ಲೇ ಫ್ರಿಜ್ಜಿನ ಕಡೆ ತೋರಿಸಿದಳು.

‘ಅಲ್ಲಿ ಮೂರು ಅಂತ ಹಾಕಿದೀಯಲ್ಲವ್ವ. ನಾನು ನಾಕ್ನೇವ್ಳು. ತೋಟ ನೋಡಿ ಮೊಟ್ಟೆ ತರ್ಬೇಕು ಅಂತ ನಿಮ್ಮಪ್ಪಂಗೆ ಹೇಳ್ದೋಳೇ ನಾನು. ನೀನು ಸರ್ಯಾಗೇ ಬರ್ದಿದೀಯ ಮಗ. ಅದ್ಕೇ ನಾನೇ ಒಸಿ ಸರ್ಕಂಡೆ.’

ಅವಳ ಮಾತಿನಲ್ಲಿ ಮುನಿಸಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ತಪ್ಪು ತಿಳಿದೆ ಅವ್ವ ಎಂದು ವಾದ ಹೂಡಬಹುದಿತ್ತು. ಮುನಿಸೇ ಇರಲಿಲ್ಲ. ಮಗಳು ಅಚ್ಚುಕಟ್ಟಾಗಿ ಸಂಸಾರ ತೂಗಿಸುತ್ತಿದ್ದಾಳೆ ಎಂಬ ಹೆಮ್ಮೆಯಿತ್ತು. ಆ ಅಚ್ಚುಕಟ್ಟು ಕೆಡದಿರಲೆಂದು ತನ್ನ ತಟ್ಟೆಯನ್ನು ತಾನೇ ತೆಗೆದಿಟ್ಟಿದ್ದಳು. ನನಗೆ ನಾಚಿಕೆಯಾಯಿತು, ಅಳು ಬಂತು, ಅದರ ಬದಲು ಸಿಟ್ಟು ತೋರಿಸಿದೆ. ನನಗೆ ಸಿಟ್ಟು ಬಂದರೆ ಪೇಟೆಯ ಮಾತು ಹೋಗಿ ಅಕ್ಕೂರಿನ ಮಾತು ಬರುತ್ತದೆ.

‘ಅವತ್ತು ಹುಳ ಅರೆಹೊಟ್ಟೇಲಿ ಗೂಡು ಕಟ್ದೋ ಅಂತ ಯಾಕವ್ವ ಅತ್ತೆ? ಒಂದ್ ಸಾಲು ಬುಟ್ಟಿರ್ಬೇಕು ಅಂದೋಳೂ ನೀನೇ ಅಲ್ವಾ? ಹುಳಕ್ಕೆ ಬುಟ್ಟೆ, ನಿಂಗೆ ನನ್ನ ಮನೇಲಿ ಒಂದ್ ಸಾಲು ಇಲ್ವಾ?’

ಅವ್ವನ ಕೈ ನಿಂತಿತು. ಅವಳು ಸೋಲುವುದು ಅವಳದೇ ಮಾತಿಗೆ ಮಾತ್ರ ಎಂದು ನನಗೆ ಅವತ್ತು ಗೊತ್ತಾಯಿತು. ಅದೂ ನಿಜವೇ ಎಂದು ಒಪ್ಪಿಕೊಂಡು, ಹಂಗಾರೆ ತಿದ್ದು ಎಂದಳು.

ನಾನು ಪೆನ್ನು ತಂದೆ. ಪ್ಲಾಸ್ಟಿಕ್ಕಿನ ಮೇಲೆ ಅದು ಜಾರಿತು. ಸ್ಕೆಚ್ ಪೆನ್ನು ತಂದೆ, ಬರೆದದ್ದು ಹನಿಹನಿಯಾಗಿ ಉರುಳಿತು. ಅಂಗಡಿಯಲ್ಲಿ ಮಾರ್ಕರ್ ಇದೆ, ನಾಳೆ ತರುತ್ತೇನೆ ಎಂದೆ. ನಾಳೆಯವರೆಗೆ ಯಾರು ಕಾಯುತ್ತಾರೆ? ಅವ್ವ ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ, ಡಬ್ಬಿಯಿಂದ ಬೆರಳ ತುದಿಯಲ್ಲಿ ಸುಣ್ಣ ತೆಗೆದಳು. ನಾಲ್ಕು ಮಾಡಬೇಕಾದರೆ ಮೂರನ್ನು ಅಳಿಸಬೇಕು. ಅಳಿಸಲು ಆಗದು. ಒಂದು ಗಳಿಗೆ ನೋಡಿ, ಮೂರರ ಎಡಗಡೆ ಬಾಯಿ ತೆರೆದುಕೊಂಡಿದ್ದ ಎರಡೂ ಕಡೆ ಸುಣ್ಣ ಎಳೆದು ಮುಚ್ಚಿದಳು. ಹಿಂದೆ ಸರಿದು ಹೊಸ ಕಣ್ಣಲ್ಲಿ ನೋಡಿದಳು. ಗುಲಾಬಿ ಹಾಳೆಯ ನೆತ್ತಿಯಲ್ಲಿ ಅರ್ಧ ಕಪ್ಪು ಅರ್ಧ ಬಿಳುಪಿನ ಒಂದು ಎಂಟು ನಿಂತಿತ್ತು.

ಅಷ್ಟರಲ್ಲಿ ಶಾಲೆ ಮುಗಿಸಿ ಮೇಷ್ಟ್ರು ಬಂದರು. ಚೀಲ ಇಳಿಸದೆ ಪಟ್ಟಿ ನೋಡಿದರು. ಎಂಟು ಎಲ್ಲಿಂದ ಬಂತು, ನಾವಿರುವುದು ನಾಲ್ವರಲ್ಲವೇ, ಉಳಿದವರು ಯಾರು ಎಂದು ಅತ್ತೆಯನ್ನೇ ಕೇಳಿದರು.

‘ಯಾರಾರ ಬತ್ತಾರೆ ಬುಡಿ’ ಎಂದಳು ಅವ್ವ.

ಮೂವತ್ತು ವರ್ಷ ಗಣಿತ ಹೇಳಿದವರು ಆ ಉತ್ತರಕ್ಕೆ ತಪ್ಪು ಹಾಕಲು ಹೋಗಲಿಲ್ಲ. ನಾನು ಎಲ್ಲವನ್ನೂ ಹೇಳಿದ ಮೇಲಂತೂ ಚೀಲ ಕೆಳಗಿಟ್ಟು ಕೈ ತೊಳೆದು ಬಂದರು. ಆಮೇಲೆ ತಾವೇ ಹಿಟ್ಟಿನ ಡಬ್ಬ ಇಳಿಸಿಕೊಟ್ಟರು. ಅವತ್ತು ಬುಧವಾರದ ದೇವರು ಬಂದ ದಾರಿಯಲ್ಲೇ ಹಿಂದಿರುಗಿದ. ಐದು ಮುದ್ದೆ ಕಟ್ಟಿದೆ. ಅವ್ವ ಒಂದು ಉಂಡು, ಇನ್ನರ್ಧ ಹಾಕು ಎಂದು ತಾನಾಗಿ ಕೇಳಿ ಹಾಕಿಸಿಕೊಂಡಳು. ಮುಂದಿನ ಭಾನುವಾರ ಕೋಳಿಯ ಮೂಳೆಗಳ ಗತಿ ಏನಾಯಿತೆಂದು ಹೇಳಬೇಕಾಗಿಲ್ಲ.

ಮೂರು ತಿಂಗಳಾದ ಮೇಲೆ ಗ್ರೈಂಡರ್ ಬಂತು. ಉಳಿದದ್ದು ಸ್ವಲ್ಪ ಕಡಿಮೆಯೇ ಇತ್ತು, ಮೇಷ್ಟ್ರು ಜೀವಮಾನದಲ್ಲಿ ಮೊದಲ ಸಲ ಹತ್ತಿರದ ಪೂರ್ಣಾಂಕಕ್ಕೆ ಏರಿಸಿಕೊಟ್ಟರು. ಪಟ್ಟಿ ಈಗಲೂ ನಡೆಯುತ್ತಿದೆ. ತರಕಾರಿ ಕೊಳೆಯುವುದಿಲ್ಲ, ಅಂಗಡಿಯಲ್ಲಿ ಕೈ ಬಿಗಿಯಾಗಿಯೇ ಇರುತ್ತದೆ. ಒಂದು ಮುದ್ದೆ ಮಾತ್ರ ದಿನವೂ ಹೆಚ್ಚಿಗೆ ಇರುತ್ತದೆ, ಅದನ್ನು ಶೇಷ ಎಂದು ಯಾರೂ ಕರೆಯುವುದಿಲ್ಲ.

ಅವ್ವ ಅಕ್ಕೂರಿಗೆ ಹೋದಳು, ಕುಮಾರನ ಹುಳಕ್ಕೆ ಸೊಪ್ಪು ಹಾಕುತ್ತಿದ್ದಾಳೆ. ಮಾರ್ಕರ್ ತಂದು ಆ ಅಂಕಿಯನ್ನು ಸರಿಯಾಗಿ ಬರೆಯಬಹುದಿತ್ತು, ಮನಸ್ಸು ಬರಲಿಲ್ಲ. ಪ್ಲಾಸ್ಟಿಕ್ಕಿನ ಮೇಲೆ ಸುಣ್ಣ ನಿಲ್ಲುವುದಿಲ್ಲ, ಒಣಗಿ ಉದುರುತ್ತದೆ. ಹದಿನೈದು ದಿನಕ್ಕೊಮ್ಮೆ ನೋಡಿದರೆ ಎಂಟು ಮತ್ತೆ ಮೂರಾಗಲು ಹೊರಟಿರುತ್ತದೆ. ಆಗ ನಾನು ಬೆರಳಲ್ಲಿ ಹೊಸದಾಗಿ ಹಚ್ಚುತ್ತೇನೆ. ನಮ್ಮ ಮನೆಯಲ್ಲಿ ಎಲೆಅಡಿಕೆ ಹಾಕುವವರು ಒಬ್ಬರೂ ಇಲ್ಲ. ಆದರೂ ತಿಂಗಳ ದಿನಸಿ ಚೀಟಿಯಲ್ಲಿ ಅಕ್ಕಿ, ಬೇಳೆ, ಎಣ್ಣೆ, ಹುಣಸೆಹಣ್ಣು ಎಲ್ಲ ಮುಗಿದ ಮೇಲೆ, ಕೊನೆಯ ಸಾಲಿನಲ್ಲಿ ಮೇಷ್ಟ್ರು ತಮ್ಮ ಕೈಯಾರೆ ಬರೆದಿರುತ್ತಾರೆ: ಸುಣ್ಣ, ಒಂದು ಡಬ್ಬಿ.